ಪಕ್ಕದ ಕುರ್ಚಿ: ಮನಶ್ಶಾಸ್ತ್ರ ವಿದ್ಯಾರ್ಥಿಯ ಆಸ್ಪತ್ರೆ ಕಲಿಕೆಯನ್ನು ಕುರಿತು



ದತ್ತಿ ಉಪನ್ಯಾಸ ಅಂದರೆ ಮನಸ್ಸು, ಪ್ರಜ್ಞೆ, ಸಂಸ್ಕೃತಿ ಎಂಬಂಥ ದೊಡ್ಡ ಮಾತುಗಳನ್ನು ಜನ ನಿರೀಕ್ಷಿಸುತ್ತಾರೆ. ನಾನು ತಂದಿರುವುದು ಕಚೇರಿಯ ಕಡತದಂತೆ ಕಾಣುವ ವಿಷಯ. ಮನಶ್ಶಾಸ್ತ್ರದಲ್ಲಿ ಎಂ.ಎ., ಎಂ.ಎಸ್ಸಿ. ಓದುವ ಹುಡುಗ ಹುಡುಗಿಯರನ್ನು ನಾವು ಆಸ್ಪತ್ರೆಗೆ, ಕೌನ್ಸೆಲಿಂಗ್ ಕೇಂದ್ರಕ್ಕೆ, ವಿಶೇಷ ಶಾಲೆಗೆ ‘ಪೋಸ್ಟಿಂಗ್’ ಎಂದು ಕಳಿಸುತ್ತೇವೆ. ಅಲ್ಲಿ ಅವರು ರೋಗಿಯ ಎದುರು ಕೂರುತ್ತಾರೆ. ಆಗ ಅವರ ಪಕ್ಕದ ಕುರ್ಚಿಯಲ್ಲಿ ಯಾರಿರುತ್ತಾರೆ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಹಿಂದಿನ ಸಾಲಿನವರಿಗೆ ಊಟಕ್ಕೆ ಏಳಲು ಅನುಕೂಲವಾಗಲಿ. ನೂರು ರೋಗಿಗಳನ್ನು ನೋಡಿದ ಮಾತ್ರಕ್ಕೆ ಯಾರೂ ಕಲಿಯುವುದಿಲ್ಲ. ತಾನು ನೋಡಿದ ರೀತಿಯನ್ನು ಬಲ್ಲವರೊಬ್ಬರು ನೋಡಿದಾಗ ಕಲಿಕೆ ಶುರುವಾಗುತ್ತದೆ. ನಮ್ಮ ವಿಶ್ವವಿದ್ಯಾನಿಲಯಗಳು ವಿದ್ಯಾರ್ಥಿ ಆಸ್ಪತ್ರೆಯಲ್ಲಿ ಕಳೆದ ಗಂಟೆಗಳನ್ನು ಎಣಿಸುತ್ತವೆ, ಅವನನ್ನು ನೋಡುತ್ತಾ ಇನ್ನೊಬ್ಬರು ಕಳೆದ ಗಂಟೆಗಳನ್ನು ಎಣಿಸುವುದಿಲ್ಲ. ನನ್ನ ತಕರಾರೆಲ್ಲ ಇಷ್ಟೇ.

ಇದು ಮೇಷ್ಟರ ಚಪಲವಲ್ಲ, ಕಾನೂನಿನಲ್ಲೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಯಾರು ಎಂದು ಬಿಡಿಸಿ ಹೇಳುವಾಗ, ಎರಡು ವರ್ಷದ ಪೂರ್ಣಾವಧಿ ಕೋರ್ಸು ಮತ್ತು ಅದರೊಳಗೆ ಮೇಲ್ವಿಚಾರಣೆಯಲ್ಲಿ ಪಡೆದ ಕ್ಲಿನಿಕಲ್ ತರಬೇತಿ ಎಂಬ ಮಾತನ್ನು ಸೇರಿಸುತ್ತದೆ. ಕಾನೂನು ಬರೆದವರಿಗೆ ಹೊಳೆದದ್ದು ನಮ್ಮ ಟೈಮ್‌ಟೇಬಲ್ ಬರೆಯುವವರಿಗೆ ಇನ್ನೂ ಹೊಳೆದಿಲ್ಲ.

ಕರ್ನಾಟಕದವರಾದ ನಮಗೆ ಇದು ಹೊಸದಾಗಬಾರದಿತ್ತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ 1924ರಷ್ಟು ಹಿಂದೆಯೇ ಬಂತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಓದಿ ಬಂದವರು. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದವರೂ ಅವರೇ, ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಹೋದದ್ದು ಅಲ್ಲಿಂದ. ಆದರೆ ಆ ಕಾಲದ ಮನಶ್ಶಾಸ್ತ್ರ ಬಹುಮಟ್ಟಿಗೆ ಪ್ರಯೋಗಶಾಲೆಯದು. ಮನೋರೋಗಿಗಳು ಇದ್ದದ್ದು ಬೆಂಗಳೂರಿನ ಆಸ್ಪತ್ರೆಯಲ್ಲಿ. 1847ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾಗಿ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಎಂಬ ಹೆಸರು ಪಡೆದ ಜಾಗ ಅದು. ಮೈಸೂರಿನ ಕ್ಲಾಸ್‌ರೂಮಿಗೂ ಬೆಂಗಳೂರಿನ ವಾರ್ಡಿಗೂ ನಡುವೆ ಇದ್ದ ದೂರ ರೈಲಿನದಷ್ಟೇ ಆಗಿರಲಿಲ್ಲ.

ಆ ದೂರ ಕಡಿಮೆಯಾದದ್ದು 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಿಗೆ ಬಂದ ಮೇಲೆ. ಮರುವರ್ಷವೇ ಅಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವೀಧರರಿಗೆ ಡಿಪ್ಲೊಮಾ ಶುರುವಾಯಿತು. ಎಂ.ಎ. ಮುಗಿಸಿದವರನ್ನು ತಂದು ಎರಡು ವರ್ಷ ಆಸ್ಪತ್ರೆಯೊಳಗೇ ಇಟ್ಟು, ಮನೋವೈದ್ಯರ, ಸಮಾಜಕಾರ್ಯಕರ್ತರ, ನರ್ಸುಗಳ ನಡುವೆ ಕೆಲಸ ಕಲಿಸುವ ಕ್ರಮ ಅದು. ಆಗಮ ಮತ್ತು ಬೌದ್ಧ ದರ್ಶನಗಳ ವಿದ್ವಾಂಸರೆಂದು ಕನ್ನಡಿಗರು ಬಲ್ಲ ಎಸ್.ಕೆ. ರಾಮಚಂದ್ರರಾಯರು ಅಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು ಎಂಬುದು ಇಂದಿನ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. 1974ರಲ್ಲಿ ಆ ಸಂಸ್ಥೆಯೂ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಡಿಪ್ಲೊಮಾ ಮುಂದೆ ಎಂ.ಫಿಲ್. ಆಯಿತು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದವನು ಎರಡು ವರ್ಷ ಆಸ್ಪತ್ರೆಯಲ್ಲಿ ಬೇಯಲೇಬೇಕು ಎಂಬ ಕ್ರಮ ದೇಶದಲ್ಲಿ ಮೊದಲು ಬೇರೂರಿದ್ದು ನಮ್ಮ ಊರಿನಲ್ಲಿ.

ಹೊರದೇಶಗಳ ಕಥೆಯನ್ನು ಉದ್ದ ಮಾಡುವುದಿಲ್ಲ. 1920ರಲ್ಲಿ ಬರ್ಲಿನ್ನಿನಲ್ಲಿ ಮ್ಯಾಕ್ಸ್ ಐಟಿಂಗಾನ್ ಮತ್ತು ಗೆಳೆಯರು ಮನೋವಿಶ್ಲೇಷಣೆಯ ಚಿಕಿತ್ಸಾಲಯ ತೆರೆದರು. ಓದು, ತನ್ನದೇ ವಿಶ್ಲೇಷಣೆ, ಹಿರಿಯರ ಕಣ್ಣಳತೆಯಲ್ಲಿ ನೋಡಿದ ರೋಗಿಗಳು, ಈ ಮೂರೂ ಸೇರಿದರೇ ತರಬೇತಿ ಎಂದು ಅಲ್ಲಿ ಗಟ್ಟಿಯಾಯಿತು. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸಾವಿರಾರು ಮನಶ್ಶಾಸ್ತ್ರಜ್ಞರು ಬೇಕಾದರು. 1949ರಲ್ಲಿ ಕೊಲರಾಡೋದ ಬೌಲ್ಡರ್‌ನಲ್ಲಿ ಸೇರಿದ ಸಮ್ಮೇಳನ ಸಂಶೋಧನೆಯೂ ಬೇಕು, ಆಸ್ಪತ್ರೆಯ ಕೆಲಸವೂ ಬೇಕು ಎಂದು ತೀರ್ಮಾನಿಸಿತು. ಈಗ ಎಲ್ಲರ ಪಠ್ಯಕ್ರಮದಲ್ಲೂ ಅದರ ನೆರಳಿದೆ.

ಇನ್ನು ವಾರ್ಡಿಗೆ ಬರೋಣ. ಒಂದು ಉದಾಹರಣೆ ಕೊಡುತ್ತೇನೆ. ಹಲವರದನ್ನು ಕಲಸಿ ಕಟ್ಟಿದ್ದು, ಯಾರ ಗುರುತೂ ಇದರಲ್ಲಿಲ್ಲ. ಮಾಲೂರಿನ ಕಡೆಯ ಹೆಂಗಸು, ಮೂವತ್ತು ದಾಟಿದೆ. ಮೈಯೆಲ್ಲ ಉರಿ, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ವಿದ್ಯಾರ್ಥಿನಿ ಮುಕ್ಕಾಲು ಗಂಟೆ ಕೂತು ಮೂರು ಪುಟ ಬರೆದು ತರುತ್ತಾಳೆ. ಅಚ್ಚುಕಟ್ಟಾದ ಬರಹ: ದೂರುಗಳು, ಅವಧಿ, ಕುಟುಂಬದ ಹಿನ್ನೆಲೆ, ಕೊನೆಗೆ ಆತಂಕದ ಕಾಯಿಲೆ ಎಂದು ನಿರ್ಣಯ. ಪರೀಕ್ಷೆಯಲ್ಲಾದರೆ ಒಳ್ಳೆಯ ಅಂಕವೇ ಬರುತ್ತಿತ್ತು. ಸೂಪರ್‌ವೈಸರ್ ಕೇಳುತ್ತಾರೆ, ‘ಜೊತೆಗೆ ಯಾರು ಬಂದಿದ್ರಮ್ಮ?’

‘ಅವರ ಅತ್ತೆ, ಮೇಡಂ.’

‘ಒಳಗೇ ಕೂತಿದ್ರಾ?’

‘ಹೂಂ ಮೇಡಂ, ಅವರೇ ಜಾಸ್ತಿ ಹೇಳಿದ್ದು.’

‘ನಿದ್ದೆ ಬರಲ್ಲ ಅಂದದ್ದು ಯಾರು?’

ವಿದ್ಯಾರ್ಥಿನಿ ಪುಟ ತಿರುವುತ್ತಾಳೆ. ಮೂರು ಪುಟದಲ್ಲೂ ಇರುವುದು ಅತ್ತೆ ಕಂಡ ಸೊಸೆ. ಸೊಸೆ ಇನ್ನೂ ಬಾಯಿಯನ್ನೇ ಬಿಟ್ಟಿಲ್ಲ. ಮುಂದಿನ ಸಲ ಮಾತ್ರೆಯ ಚೀಟಿ ಕೊಟ್ಟು ಅತ್ತೆಯನ್ನು ಔಷಧಿ ಕೌಂಟರಿನ ಸಾಲಿಗೆ ಕಳಿಸುವ ಉಪಾಯವನ್ನು ಸೂಪರ್‌ವೈಸರ್ ಹೇಳಿಕೊಡುತ್ತಾರೆ. ನಮ್ಮ ಆಸ್ಪತ್ರೆಗಳ ಉದ್ದ ಸಾಲುಗಳಿಂದ ಆಗುವ ಒಂದೇ ಉಪಕಾರ ಇದು. ಅಮೆರಿಕದಲ್ಲಿ ಅಚ್ಚಾದ ಪಠ್ಯಪುಸ್ತಕದಲ್ಲಿ ರೋಗಿ ಒಬ್ಬಳೇ ಬರುತ್ತಾಳೆ, ಬಾಗಿಲು ಮುಚ್ಚಿರುತ್ತದೆ, ಐವತ್ತು ನಿಮಿಷ ಮಾತು. ನಮ್ಮಲ್ಲಿ ರೋಗಿಯ ಜೊತೆ ಮೂರು ಜನ ಬರುತ್ತಾರೆ, ಅವರಲ್ಲಿ ಒಬ್ಬರು ಹೊರಡುವ ಬಸ್ಸಿನ ಹೊತ್ತು ನೋಡುತ್ತಿರುತ್ತಾರೆ. ಇಂಥ ಕೋಣೆಯಲ್ಲಿ ಯಾರನ್ನು ಎಲ್ಲಿ ಕೂರಿಸಬೇಕು, ಯಾರ ಮಾತನ್ನು ಯಾವಾಗ ನಯವಾಗಿ ತಡೆಯಬೇಕು ಎಂಬುದನ್ನು ಪುಸ್ತಕ ಕಲಿಸುವುದಿಲ್ಲ. ಇಂಥ ಕೋಣೆಗಳಲ್ಲಿ ವರ್ಷಗಟ್ಟಲೆ ಕೂತವರು ಕಲಿಸಬೇಕು.

ಇನ್ನೂ ಕಷ್ಟದ ಕೆಲಸವೊಂದಿದೆ. ಸಾಯಬೇಕು ಅನ್ನಿಸಿದೆಯಾ ಎಂದು ಕೇಳುವುದು. ನಮ್ಮ ವಿದ್ಯಾರ್ಥಿಗಳು ಆತ್ಮಹತ್ಯೆಯ ಅಪಾಯವನ್ನು ಅಳೆಯುವ ಮಾಪಕಗಳ ಹೆಸರನ್ನು ಪಟಪಟ ಹೇಳುತ್ತಾರೆ. ಆದರೆ ತಮ್ಮ ತಾಯಿಯ ವಯಸ್ಸಿನ ಹೆಂಗಸನ್ನು ಈ ಒಂದು ಪ್ರಶ್ನೆ ಕೇಳಲು ನಾಲಿಗೆ ಏಳುವುದಿಲ್ಲ. ‘ಏನಾದ್ರೂ ಕೆಟ್ಟ ಯೋಚನೆ ಬರುತ್ತಾ?’ ಎಂದು ಸುತ್ತು ಹಾಕುತ್ತಾರೆ. ಆಕೆ ‘ಇಲ್ಲಪ್ಪ’ ಅನ್ನುತ್ತಾಳೆ, ಇಬ್ಬರಿಗೂ ನಿರಾಳ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಬೇರೆ. ಸಂಶೋಧನೆಗಳು ಈ ಭಯಕ್ಕೆ ಆಧಾರ ಕೊಟ್ಟಿಲ್ಲ. ನಾನು ತರಬೇತಿಯಲ್ಲಿ ವಿದ್ಯಾರ್ಥಿಗಳನ್ನು ಎದುರುಬದುರು ಕೂರಿಸಿ, ಬಾಯಿಬಿಟ್ಟು, ಕನ್ನಡದಲ್ಲೇ, ಆ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಸುತ್ತಿದ್ದೆ. ಸಾಯಬೇಕು ಅನ್ನಿಸಿದೆಯಾ? ಹೇಗೆ ಅಂತ ಯೋಚನೆ ಬಂದಿದೆಯಾ? ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಇದೆಯಾ, ಎಲ್ಲಿಟ್ಟಿದ್ದೀರಿ? ಕೊನೆಯ ಪ್ರಶ್ನೆ ಹಳ್ಳಿಯ ಮನೆಗಳಲ್ಲಿ ಮಿಕ್ಕೆಲ್ಲಕ್ಕಿಂತ ತುರ್ತಿನದು. ಮೊದಲ ಸಲ ನಗು ಬರುತ್ತದೆ, ಎರಡನೆಯ ಸಲ ಗಂಟಲು ಕಟ್ಟುತ್ತದೆ, ಆಮೇಲೆ ದನಿ ಹದಕ್ಕೆ ಬರುತ್ತದೆ.

ಆಕೆ ‘ಹೌದು’ ಅಂದರೆ? ಆ ಕ್ಷಣದಲ್ಲಿ ವಿದ್ಯಾರ್ಥಿ ಒಬ್ಬನೇ ಇರಬಾರದು. ಎದ್ದು ಹೋಗಿ ಕರೆದರೆ ಹತ್ತು ನಿಮಿಷದೊಳಗೆ ಬರುವವರು ಅದೇ ಕಟ್ಟಡದಲ್ಲಿ ಇರಬೇಕು. ಮನೆಯವರಿಗೆ ಏನು ಹೇಳಬೇಕು, ಇಂದು ಮನೆಗೆ ಕಳಿಸಬಹುದೇ, ಮನೋವೈದ್ಯರಿಗೆ ಯಾವಾಗ ತೋರಿಸಬೇಕು ಎಂಬ ತೀರ್ಮಾನ ಇಪ್ಪತ್ತೆರಡು ವರ್ಷದ ಹುಡುಗಿಯ ಹೆಗಲ ಮೇಲೆ ಬೀಳುವಂತಿಲ್ಲ. ಹಳ್ಳಿಯ ಬಾವಿಯಲ್ಲಿ ಈಜು ಕಲಿಸುವಾಗ ಸೊಂಟಕ್ಕೆ ಹಗ್ಗ ಕಟ್ಟಿ, ತುದಿಯನ್ನು ದಡದಲ್ಲಿ ನಿಂತವರು ಹಿಡಿದಿರುತ್ತಾರೆ. ಹಗ್ಗವಿಲ್ಲದೆ ತಳ್ಳಿದರೂ ಕೆಲವರು ಈಜು ಕಲಿಯುತ್ತಾರೆ, ನಿಜ. ಆದರೆ ಇಲ್ಲಿ ಮುಳುಗುವವರು ಕಲಿಯುವವರಷ್ಟೇ ಅಲ್ಲ.

ಹೆಚ್ಚಿನ ಕಡೆ ನಡೆಯುತ್ತಿರುವುದೇನು? ವಿಭಾಗದಿಂದ ಒಂದು ಪತ್ರ ಹೋಗುತ್ತದೆ. ವಿದ್ಯಾರ್ಥಿಯೇ ಊರೂರು ಅಲೆದು ಜಾಗ ಹುಡುಕಿಕೊಳ್ಳುತ್ತಾನೆ. ಕೆಲವು ಖಾಸಗಿ ಕೇಂದ್ರಗಳು ಇಂಟರ್ನ್‌ಶಿಪ್ಪಿಗೆ ವಿದ್ಯಾರ್ಥಿಯಿಂದಲೇ ಹಣ ಪಡೆದು, ಒಂದು ಮೂಲೆಯಲ್ಲಿ ಕೂರಿಸಿ, ಕೊನೆಯ ದಿನ ಬಣ್ಣದ ಸರ್ಟಿಫಿಕೇಟು ಕೊಡುತ್ತವೆ. ಇನ್ನು ಕೆಲವು ಕಡೆ ತದ್ವಿರುದ್ಧ: ಮೊದಲ ವಾರವೇ ಕೇಸು ಕೈಗೆ ಕೊಟ್ಟು ‘ನೀವೇ ನೋಡಿ’ ಅನ್ನುತ್ತಾರೆ. ವಿದ್ಯಾರ್ಥಿಗೆ ಇದು ಹೆಮ್ಮೆ. ರೋಗಿ ‘ಡಾಕ್ಟ್ರೇ’ ಎಂದು ಕರೆದಾಗ ತಿದ್ದುವ ಮನಸ್ಸೂ ಬರುವುದಿಲ್ಲ. ‘ನಾನು ಡಾಕ್ಟರಲ್ಲ, ಇನ್ನೂ ಕಲೀತಾ ಇದ್ದೀನಿ, ನಿಮ್ಮ ವಿಷಯವನ್ನು ನಮ್ಮ ಮೇಡಂ ಜೊತೆ ಮಾತಾಡ್ತೀನಿ’ ಎಂದು ಹೇಳುವುದನ್ನು ಮೊದಲ ದಿನವೇ ಕಲಿಸಬೇಕು. ಹೇಳಿದರೆ ರೋಗಿ ಎದ್ದು ಹೋಗುತ್ತಾರೆ ಎಂಬ ಅಂಜಿಕೆ ಬೇಡ. ಇಷ್ಟು ಬಿಚ್ಚಿ ಹೇಳಿದವರನ್ನು ನಮ್ಮ ಜನ ಹೆಚ್ಚು ನಂಬುವುದನ್ನೇ ನಾನು ಕಂಡಿದ್ದೇನೆ.

ಸೂಪರ್‌ವಿಷನ್ ಅಂದರೆ ವಾರಕ್ಕೊಮ್ಮೆ ಫೈಲಿಗೆ ಸಹಿ ಹಾಕುವುದಲ್ಲ ಎನ್ನಲು ಇನ್ನೊಂದು ಕಾರಣವಿದೆ. ವಿದ್ಯಾರ್ಥಿ ನೆನಪಿನಿಂದ ಬರೆದು ತರುವ ವರದಿಯಲ್ಲಿ ರೋಗಿಯ ಮಾತುಗಳು ಬಹಳಷ್ಟು ಇರುತ್ತವೆ, ವಿದ್ಯಾರ್ಥಿಯ ಮಾತುಗಳು ಇರುವುದಿಲ್ಲ. ‘ರೋಗಿಯು ಗಂಡನ ಬಗ್ಗೆ ಮಾತನಾಡಲು ಇಷ್ಟಪಡಲಿಲ್ಲ’ ಎಂದು ಬರೆದಿರುತ್ತದೆ. ಗಂಡನ ಮಾತು ಎತ್ತಿದೊಡನೆ ವಿದ್ಯಾರ್ಥಿಯೇ ‘ಊಟ ಸರಿಯಾಗಿ ಮಾಡ್ತೀರಾ?’ ಎಂದು ಬೇರೆ ದಾರಿ ಹಿಡಿದದ್ದು ವರದಿಯಲ್ಲಿ ಎಲ್ಲಿ ಬರಬೇಕು? ಸುಳ್ಳು ಬರೆಯುವ ಉದ್ದೇಶ ಯಾರಿಗೂ ಇಲ್ಲ. ತನ್ನ ಗಾಬರಿ ತನಗೆ ಕಾಣುವುದಿಲ್ಲ, ಅಷ್ಟೇ. ಕಾರ್ಲ್ ರಾಜರ್ಸ್ ಅಮೆರಿಕದ ಓಹಾಯೊದಲ್ಲಿ ಸಮಾಲೋಚನೆಯ ಮಾತುಕತೆಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿ, ಒಂದು ಇಡೀ ಕೇಸನ್ನು ಮಾತಿಗೆ ಮಾತು ಬಿಡದೆ 1942ರ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಚಿಕಿತ್ಸಕ ತಾನು ಮಾಡಿದೆ ಎಂದುಕೊಂಡದ್ದಕ್ಕೂ ನಿಜವಾಗಿ ಮಾಡಿದ್ದಕ್ಕೂ ಇರುವ ಅಂತರ ಆಗ ಎಲ್ಲರ ಕಿವಿಗೂ ಬಿತ್ತು.

ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲೂ ಧ್ವನಿಮುದ್ರಣ ಯಂತ್ರವಿದೆ. ಸಲೀಸಾಗಿರುವುದರಿಂದಲೇ ಅಪಾಯ. ರೋಗಿಯ ಒಪ್ಪಿಗೆ ಬರಹದಲ್ಲಿ ಇರಬೇಕು, ಬೇಡ ಅಂದರೆ ಚಿಕಿತ್ಸೆಗೆ ಕುಂದಿಲ್ಲ ಎಂದು ಮೊದಲೇ ತಿಳಿಸಿರಬೇಕು, ಧ್ವನಿಮುದ್ರಣವು ಸಂಸ್ಥೆಯ ಯಂತ್ರದಲ್ಲೇ ಆಗಬೇಕು, ಕೇಳಿ ಮುಗಿದ ಮೇಲೆ ಅಳಿಸಬೇಕು. ಗೋಪ್ಯತೆ ರೋಗಿಯ ಹಕ್ಕು ಎಂದು 2017ರ ಕಾಯ್ದೆಯ 23ನೆಯ ಸೆಕ್ಷನ್ ಹೇಳುತ್ತದೆ. ಕೇಸ್ ಶೀಟಿನ ಫೋಟೊ ತೆಗೆದು ಬ್ಯಾಚಿನ ವಾಟ್ಸಪ್ ಗುಂಪಿಗೆ ಹಾಕುವ ಚಾಳಿ ಎಲ್ಲೆಲ್ಲೂ ಇದೆ. ಹೆಸರಿನ ಮೇಲೆ ಬೆರಳಿಟ್ಟು ತೆಗೆದಿದ್ದೇವೆ ಸಾರ್ ಎಂಬ ಸಮಜಾಯಿಷಿ ಬೇರೆ. ಊರು, ಜಾತಿ, ಗಂಡನ ಕೆಲಸ ಎಲ್ಲ ಕಾಣುತ್ತಿರುವಾಗ ಹೆಸರು ಮುಚ್ಚಿ ಏನು ಪ್ರಯೋಜನ?

ಮನೋವಿಶ್ಲೇಷಕ ಹೆರಾಲ್ಡ್ ಸರ್ಲ್ಸ್ 1955ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಗುರುತಿಸಿದ. ರೋಗಿ ವಿದ್ಯಾರ್ಥಿಯ ಜೊತೆ ಹೇಗೆ ನಡೆದುಕೊಂಡನೋ, ವಿದ್ಯಾರ್ಥಿ ಸೂಪರ್‌ವೈಸರ್ ಜೊತೆ ತನಗೇ ತಿಳಿಯದೆ ಹಾಗೆಯೇ ನಡೆದುಕೊಳ್ಳುತ್ತಾನೆ. ಇದನ್ನು ಓದಿದಾಗ ನನಗೆ ಅತಿಯೆನಿಸಿತ್ತು. ಆಮೇಲೆ ಕಣ್ಣಾರೆ ಕಂಡೆ. ಸದಾ ಸರಿಯಾದ ಹೊತ್ತಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಒಂದು ಕೇಸಿನ ದಿನ ಮಾತ್ರ ತಡಮಾಡುತ್ತಿದ್ದ. ಬಂದರೂ ಎಲ್ಲಕ್ಕೂ ‘ಸರಿ ಸರ್, ಸರಿ ಸರ್’ ಎಂದು ತಲೆಯಾಡಿಸಿ ಏನನ್ನೂ ಮಾಡುತ್ತಿರಲಿಲ್ಲ. ಅವನು ನೋಡುತ್ತಿದ್ದುದು ಕುಡಿತ ಬಿಡಲು ಬಂದ ಒಬ್ಬ ನೌಕರನನ್ನು. ಆತ ಪ್ರತಿ ಮಾತಿಗೂ ‘ಸರಿ ಸರ್’ ಅನ್ನುತ್ತಿದ್ದ, ಮುಂದಿನ ವಾರ ಬರುತ್ತಿರಲಿಲ್ಲ. ನಾನು ಹುಡುಗನಿಗೆ ಇದನ್ನು ತೋರಿಸಿದಾಗ ಅವನು ಬಹಳ ಹೊತ್ತು ನಕ್ಕ. ಆ ಕೇಸಿನ ಬಗ್ಗೆ ನಾವು ನಿಜವಾಗಿ ಮಾತಾಡಿದ್ದು ಆ ನಗುವಿನ ನಂತರ. ಇದು ಸಹಿಯಲ್ಲಿ ಆಗುವ ಕೆಲಸವೇ? ಇಬ್ಬರು ಎದುರೆದುರು ಕೂರದೆ ಆಗುವುದಿಲ್ಲ, ತಿಂಗಳಿಗೊಮ್ಮೆ ಕೂತರೂ ಆಗುವುದಿಲ್ಲ.

ಬುದ್ಧಿಮಾಪನ ಪರೀಕ್ಷೆಗಳ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದು ಬಿನೆ ಮಾಪಕವನ್ನು ಒಗ್ಗಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆಯನ್ನು ನಮ್ಮ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಪೋಸ್ಟಿಂಗಿಗೆ ಹೋದವರಿಗೆ ಮೊದಲು ಸಿಗುವ ಕೆಲಸ ಹೆಚ್ಚಾಗಿ ಇಂಥದೇ: ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಂದ ಮಗುವಿನ ಪರೀಕ್ಷೆ. ಹಿರಿಯರಿಗೆ ಬೇಸರದ ಕೆಲಸ, ಹಾಗಾಗಿ ಕಿರಿಯರ ಪಾಲಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಲವು ಸೌಲಭ್ಯಗಳಿಗೆ ಶೇ. 40ರ ಗೆರೆ ಇದೆ. ಗೆರೆಯ ಆಚೆಯೋ ಈಚೆಯೋ ಎಂಬುದು ಕೆಲವೇ ಅಂಕಗಳಲ್ಲಿ ನಿಲ್ಲಬಹುದು. ಮಗು ನಸುಕಿನ ಬಸ್ಸಿಗೆ ಹೊರಟು ಬಂದಿದೆ, ತಿಂಡಿ ತಿಂದಿಲ್ಲ, ಮಧ್ಯಾಹ್ನದ ಹೊತ್ತಿಗೆ ಸರದಿ ಬಂದಿದೆ, ಮನೆಯಲ್ಲಿ ಆಡುವುದು ತೆಲುಗೋ ಲಂಬಾಣಿಯೋ, ಪ್ರಶ್ನೆ ಇರುವುದು ಪುಸ್ತಕದ ಕನ್ನಡದಲ್ಲಿ. ಅಂಕ ಕೂಡುವುದನ್ನು ವಿದ್ಯಾರ್ಥಿ ತಪ್ಪದೆ ಮಾಡುತ್ತಾನೆ. ಆ ಅಂಕವನ್ನು ನಂಬಬೇಕೇ ಎಂದು ಕೇಳುವವರು ಪಕ್ಕದಲ್ಲಿರಬೇಕು. ಅರ್ಧ ಗಂಟೆ ಬಿಟ್ಟು, ಮಗುವಿಗೆ ಇಡ್ಲಿ ಕೊಡಿಸಿ, ಮತ್ತೆ ಕೂರಿಸು ಎಂದು ಹೇಳುವ ಅಧಿಕಾರವಿದ್ದವರೂ ಆಗಿರಬೇಕು.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. ಎಂ.ಫಿಲ್. ಪದವಿಯನ್ನು 2020ರ ಶಿಕ್ಷಣ ನೀತಿ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿಗೆ ಯುಜಿಸಿ ವಿನಾಯಿತಿ ಕೊಟ್ಟದ್ದು 2025–26ರ ಪ್ರವೇಶದವರೆಗೆ. ಎಂ.ಎ. ಮುಗಿಸಿ, ಒಂದಷ್ಟು ಲೋಕ ಕಂಡು, ಆಮೇಲೆ ಎರಡು ವರ್ಷ ಆಸ್ಪತ್ರೆಯಲ್ಲಿ ಇರುತ್ತಿದ್ದ ಕ್ರಮ ಸಡಿಲವಾಗಿ, ಆ ತರಬೇತಿಯ ದೊಡ್ಡ ಭಾಗ ಎಂ.ಎ. ತರಗತಿಯೊಳಕ್ಕೇ ಬರುತ್ತಿದೆ. ಬರಲಿ, ಬೇಡವೆನ್ನುವುದಿಲ್ಲ. ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಕಲಿಸುವುದನ್ನು 2025ರಲ್ಲಿ ಯುಜಿಸಿ ನಿಲ್ಲಿಸಿದ್ದನ್ನೂ ನಾನು ಒಪ್ಪುತ್ತೇನೆ. ಅಂಚೆಯಲ್ಲಿ ಬಂದ ಪಾಠದಿಂದ ಅತ್ತೆಯನ್ನು ಔಷಧಿ ಸಾಲಿಗೆ ಕಳಿಸುವುದನ್ನು ಕಲಿಯಲಾಗದು. ಆದರೆ ಕ್ಲಾಸಿಗೆ ಬಂದು ಕೂತ ಮಾತ್ರಕ್ಕೂ ಕಲಿಯಲಾಗದು. ತರಬೇತಿ ಕೆಳಗಿಳಿದಷ್ಟೂ ವಿದ್ಯಾರ್ಥಿಯ ವಯಸ್ಸು ಕಡಿಮೆ, ಪಕ್ಕದ ಕುರ್ಚಿಯವರ ಅಗತ್ಯ ಹೆಚ್ಚು. ವಿಭಾಗದಲ್ಲಿ ಖಾಯಂ ಅಧ್ಯಾಪಕರು ಇಬ್ಬರಿದ್ದು ಮಿಕ್ಕವರೆಲ್ಲ ಅತಿಥಿ ಉಪನ್ಯಾಸಕರಾದರೆ ಯಾರು ಕೂರಬೇಕು? ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವವರಿಗೆ ಆಸ್ಪತ್ರೆಯಲ್ಲಿ ಕಳೆದ ಗಂಟೆಗೆ ಸಂಬಳ ಇಲ್ಲ. ಪಾಠಕ್ಕಿಂತ ಇದು ದಣಿಸುವ ಕೆಲಸ ಎಂದು ಮಾಡಿದವರಿಗೆ ಗೊತ್ತು.

ಜಾಗಗಳಿಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಲಬುರಗಿಯ ಹುಡುಗಿ ಬೆಂಗಳೂರಿಗೇ ಬಂದು ಪಿ.ಜಿ.ಯಲ್ಲಿ ಬಾಡಿಗೆ ಕಟ್ಟಿ ಕಲಿಯಬೇಕೆಂಬ ನಿಯಮ ಯಾರು ಮಾಡಿದ್ದು? ಮಾನಸಿಕ ಆರೋಗ್ಯವನ್ನು ಜಿಲ್ಲೆ, ತಾಲ್ಲೂಕುಗಳಿಗೆ ಒಯ್ಯಬಹುದೆಂದು ದೇಶಕ್ಕೆ ತೋರಿಸಿದ್ದೇ ಬಳ್ಳಾರಿ. 1985ರಿಂದ ಅಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕುಗಳಿವೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ರೋಗಿಗಳು ಅಲ್ಲಿದ್ದಾರೆ, ಅಲ್ಲಿಯ ಮಾತು ಬಲ್ಲ ವಿದ್ಯಾರ್ಥಿಗಳೂ ಅಲ್ಲೇ ಇದ್ದಾರೆ. ಕೊರತೆ ಇರುವುದು ನೋಡುವವರದು. 2018ರಿಂದ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ ದೂರದ ವೈದ್ಯರಿಗೂ ಆಪ್ತಸಮಾಲೋಚಕರಿಗೂ ವಿಡಿಯೋದಲ್ಲಿ ಕೇಸ್ ಚರ್ಚೆ ನಡೆಸುತ್ತಿದೆ. ವಾರದ ಚರ್ಚೆಗೆ ಅಂಥ ಏರ್ಪಾಡು ಸಾಕಾದೀತು. ಆದರೆ ತುರ್ತಿಗೆ ಎದ್ದು ಬರುವ ವ್ಯಕ್ತಿ ಅದೇ ಆಸ್ಪತ್ರೆಯಲ್ಲೇ ಇರಬೇಕು. ಪರದೆಯೊಳಗಿನವರು ಬಾಗಿಲು ತಟ್ಟಿ ಒಳಗೆ ಬರಲಾರರು.

ಈ ಮನಶ್ಶಾಸ್ತ್ರ ವಿಭಾಗಕ್ಕೆ ನನ್ನದೊಂದು ಬೇಡಿಕೆ ಇದೆ, ಹಣ ಖರ್ಚಾಗದ್ದು. ನಿಮ್ಮ ಲಾಗ್ ಬುಕ್ ನೋಡಿದೆ. ದಿನಾಂಕ, ಸ್ಥಳ, ರೋಗಿಯ ವಯಸ್ಸು, ಲಿಂಗ, ಮಾಡಿದ ಪರೀಕ್ಷೆ, ಗಂಟೆ, ಸಹಿ ಎಂದು ಕಾಲಂಗಳಿವೆ. ಸಹಿಗೆ ಮೊದಲು ಇನ್ನೊಂದು ಕಾಲಂ ಹಾಕಿ: ಈ ಕೆಲಸವನ್ನು ಸೂಪರ್‌ವೈಸರ್ ಹೇಗೆ ನೋಡಿದರು? ಪಕ್ಕದಲ್ಲಿ ಕೂತೋ, ಧ್ವನಿಮುದ್ರಣ ಕೇಳಿಯೋ, ವಿದ್ಯಾರ್ಥಿ ಹೇಳಿದ್ದನ್ನು ಕೇಳಿಯೋ, ನೋಡಲೇ ಇಲ್ಲವೋ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ಕ್ಲಿನಿಕಲ್ ಸೈಕಾಲಜಿಸ್ಟರಾಗಿ ನೋಂದಣಿ ಇರುವವರು ಸಹಿಯ ಕೆಳಗೆ ಆ ಸಂಖ್ಯೆಯನ್ನೂ ಬರೆಯಲಿ. ‘ನೋಡಲೇ ಇಲ್ಲ’ ಎಂದು ಬರೆದ ವಿದ್ಯಾರ್ಥಿಯ ಅಂಕ ಕಡಿಯಬೇಡಿ. ಆ ಕಾಲಂ ಅವನದಲ್ಲ, ನಮ್ಮದು. ಒಂದು ಸೆಮಿಸ್ಟರ್ ಇದನ್ನು ತುಂಬಿಸಿ, ಪುಟಗಳನ್ನು ಕೂಡಿಸಿ, ಮುಂದಿನ ಅಧ್ಯಯನ ಮಂಡಳಿಯ ಸಭೆಯಲ್ಲಿ ಮೇಜಿನ ಮೇಲಿಡಿ. ಅಧ್ಯಾಪಕರ ಕಾರ್ಯಭಾರದಲ್ಲಿ ಸೂಪರ್‌ವಿಷನ್ನಿಗೆ ಗಂಟೆ ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಅರ್ಜಿ ಬರೆಯಲು ನನಗಂತೂ ಬರುವುದಿಲ್ಲ.